ನೂರ ನಲವತ್ತು ಕಿಲೋಮೀಟರಿನ ಸಂಸಾರ

2025ರ ಸೆಪ್ಟೆಂಬರ್ ಕೊನೆಯಲ್ಲಿ, ಇನ್ನೇನು ದಸರಾ ರಜೆ ಸಿಕ್ಕಿತು ಅನ್ನುವಷ್ಟರಲ್ಲಿ, ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಾಲೆಯ ಮೇಷ್ಟ್ರು ಮೇಡಂಗಳಾದ ನಮ್ಮನ್ನೆಲ್ಲ ಹಾಕಿದರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ನೆಟ್‌ವರ್ಕ್ ಸಿಗದೆ ಸುತ್ತುತ್ತಲೇ ಇರುವ ಆ್ಯಪ್, ಮನೆಮನೆಯ ಕರೆಂಟ್ ಮೀಟರ್ ಹುಡುಕಿಕೊಂಡು ಪಾಂಡವಪುರದ ಕಡೆಯ ಹಳ್ಳಿಗಳಲ್ಲಿ ಅಲೆದಾಟ. ಜನರಿಗೆ ಸಿಟ್ಟು ಬರಿಸುವ ಪ್ರಶ್ನೆಗಳು ಬೇರೆಯೇ ಇದ್ದವು. ನನ್ನನ್ನು ನಿಲ್ಲಿಸಿದ್ದು ಮಾತ್ರ ಎಲ್ಲಕ್ಕಿಂತ ಸಲೀಸಾದದ್ದು: ಮನೇಲಿ ಎಷ್ಟು ಜನ ಇದ್ದೀರಿ? ಒಬ್ಬ ಅಜ್ಜಿ ಎಲೆಅಡಿಕೆ ಪಕ್ಕಕ್ಕೆ ಸರಿಸಿ ಹೇಳಿದರು, "ಇರೋದು ಮೂರ್ ಜನ ಕಣವ್ವ, ನಾಲ್ಕು ಅಂತ ಬರ್ಕೊ." ಮಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ, ಸೊಸೆ ಇಲ್ಲೇ ಅಂಗನವಾಡಿಯಲ್ಲಿ. ಮುಂದಿನ ಬೀದಿಯಲ್ಲಿ ಇದೇ ತಿರುಗುಮುರುಗು: ಹೆಂಡತಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸು, ಗಂಡ ಊರಲ್ಲಿ ಕಬ್ಬು ನೋಡಿಕೊಂಡು ಇದ್ದಾನೆ. ಗಂಡ ಹೆಂಡತಿ ಎರಡು ಊರಲ್ಲಿ ದುಡಿಯುವುದು ಓದಿಕೊಂಡ ನಮ್ಮಂಥವರ ತಾಪತ್ರಯ ಎಂದುಕೊಂಡಿದ್ದೆ. ಮಂಡ್ಯ ಜಿಲ್ಲೆಯ ಬೀದಿಗೊಂದರಂತೆ ಆ ಸಂಸಾರಗಳಿವೆ. ಅವರ್ಯಾರೂ ಅದನ್ನು ಸಮಸ್ಯೆ ಎಂದು ಕರೆಯಲಿಲ್ಲ, ಅಷ್ಟೆ.

ನಾವು ಕರೆದೆವು. ವರ್ಷಗಟ್ಟಲೆ ಅದನ್ನೇ ಮಾತಾಡಿದೆವು. ನಾನು ಆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ನಮ್ಮನೆಯವರು ಬೆಂಗಳೂರಿನಲ್ಲಿ, ಅದೂ ವೈಟ್‌ಫೀಲ್ಡ್ ಕಡೆ, ಸಾಫ್ಟ್‌ವೇರ್ ಕಂಪನಿಯಲ್ಲಿ. ಅತ್ತೆ ಮಾವ ಮೈಸೂರಿನಲ್ಲಿ. ಒಬ್ಬಳು ಮಗಳು. ಕೊರೊನಾ ಕಾಲದಲ್ಲಿ ಅವರು ಮೈಸೂರಿನ ಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾಗ ಎಲ್ಲ ಪರಿಹಾರವಾದಂತೆ ಕಂಡಿತ್ತು. ಆಮೇಲೆ ಆಫೀಸಿನಿಂದ ಕರೆ ಬಂತು.

ದೂರ ಕಮ್ಮಿ ಇರುವುದೇ ತೊಂದರೆ

ನನ್ನ ಬಿ.ಎಡ್ ಗೆಳತಿಯೊಬ್ಬಳು ಹುಬ್ಬಳ್ಳಿಯಲ್ಲಿದ್ದಾಳೆ, ಅವಳ ಗಂಡ ಬೆಂಗಳೂರಿನಲ್ಲಿ. ನಡುವೆ 400 ಕಿಲೋಮೀಟರಿಗೂ ಮೇಲೆ. ಅವಳಿಗೆ ಯಾರೂ "ದಿನಾ ಓಡಾಡಿದ್ರಾಯ್ತು" ಎಂದು ಬುದ್ಧಿ ಹೇಳುವುದಿಲ್ಲ. ಎರಡು ಮನೆ, ತಿಂಗಳಿಗೆ ಇಷ್ಟು ಸಲ ರೈಲು, ಹಬ್ಬಕ್ಕೆ ರಜೆ ಜೋಡಿಸಿಕೊಳ್ಳುವುದು, ಹೀಗೆ ದೂರವೇ ಒಂದು ತೀರ್ಮಾನ ಕೊಟ್ಟುಬಿಟ್ಟಿದೆ. ಅವಳಿಗೆ ಬೇಸರವಿದೆ, ಗೊಂದಲವಿಲ್ಲ. ನಮ್ಮದು ಹಾಗಲ್ಲ. ಮೈಸೂರಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರ್. ಎರಡು ಮನೆ ಮಾಡಿದರೆ ದುಂದು ಅನ್ನಿಸುತ್ತದೆ, ಒಂದೇ ಮನೆ ಮಾಡಿದರೆ ಮೈ ತಡೆಯುವುದಿಲ್ಲ. ಹಾಗಾಗಿ ಮುಗಿದ ತೀರ್ಮಾನ ಅಂತ ಒಂದು ಇರುವುದೇ ಇಲ್ಲ. ಪ್ರತಿ ಭಾನುವಾರ ಸಂಜೆ, ಇಡ್ಲಿ ಹಿಟ್ಟು ರುಬ್ಬುವ ಹೊತ್ತಿಗೆ, ಅದೇ ಫೈಲು ಮತ್ತೆ ಮೇಜಿನ ಮೇಲೆ ಬರುತ್ತದೆ.

2023ರ ಮಾರ್ಚ್ 12ರಂದು ಮದ್ದೂರಿನ ಹತ್ತಿರ ಗೆಜ್ಜಲಗೆರೆಯಲ್ಲಿ ಪ್ರಧಾನಿಯವರು ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟಿಸಿದಾಗ ನಮ್ಮ ಫೋನಿಗೆ ಬಿಡುವಿರಲಿಲ್ಲ. ಮೂರು ಗಂಟೆಯ ದಾರಿ ಇನ್ನು 75 ನಿಮಿಷ ಎಂದು ಸರ್ಕಾರವೇ ಹೇಳಿತ್ತು. "ಇನ್ನೇನಮ್ಮ, ನಿಮ್ಮ ಕಷ್ಟ ಮುಗೀತು" ಎಂದರು ಚಿಕ್ಕಮ್ಮ. ಆ 75 ನಿಮಿಷ ಲೆಕ್ಕಕ್ಕೆ ಸಿಗುವುದು ಕೆಂಗೇರಿ ದಾಟಿದ ಮೇಲಿಂದ ಮೈಸೂರಿನ ರಿಂಗ್ ರಸ್ತೆಯವರೆಗೆ. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಬೆಳಗ್ಗೆ ಒಂಬತ್ತರಲ್ಲಿ ಕಾರು ಓಡಿಸಿ ನೋಡಿದವರಿಗೆ ಗೊತ್ತು, ಹೊಸ ರಸ್ತೆಯಲ್ಲಿ ಉಳಿಸಿದ್ದನ್ನೆಲ್ಲ ಆ ಕೊನೆಯ ತುಂಡು ವಸೂಲಿ ಮಾಡಿಕೊಳ್ಳುತ್ತದೆ. ಮೇಲೆ ಎರಡು ಕಡೆ ಟೋಲು, ಪೆಟ್ರೋಲು. ಆ ವರ್ಷದ ಅಪಘಾತಗಳ ಸುದ್ದಿ ಓದಿ ಓದಿ ಅತ್ತೆ ಅಂತೂ ಕಾರಿನ ಮಾತೇ ಬೇಡ ಎಂದುಬಿಟ್ಟರು. ಆಗಸ್ಟ್ 1ರಿಂದ ಬೈಕು, ಆಟೋಗಳನ್ನು ಆ ರಸ್ತೆಗೇ ಬಿಡದಂತೆ ಮಾಡಿದ್ದು ನೆನಪಿರಬಹುದು. ಪಟ್ಟಣ ಪಟ್ಟಣದ ನಡುವಿನ ದಾರಿಗೆ ವೇಗ ಬಂದಿತು, ಪಟ್ಟಣದೊಳಗಿನ ದಾರಿ ಹಾಗೇ ಉಳಿಯಿತು. ಮನೆ ಹುಡುಕುವವರು ಊರಿಂದ ಊರಿಗೆ ಎಷ್ಟು ಹೊತ್ತು ಎಂದು ಕೇಳಬಾರದು. ಚಪ್ಪಲಿ ಹಾಕಿಕೊಂಡಲ್ಲಿಂದ ಆಫೀಸಿನಲ್ಲಿ ಕಾರ್ಡು ತೋರಿಸುವವರೆಗೆ ಎಷ್ಟು ಹೊತ್ತು ಎಂದು ಕೇಳಬೇಕು.

ಪಾಸು

ರೈಲಿನ ಸೀಸನ್ ಟಿಕೆಟ್ 150 ಕಿಲೋಮೀಟರಿನವರೆಗೆ ಸಿಗುತ್ತದೆ. ಮೈಸೂರು ಆ ಮಿತಿಯೊಳಗೆ ಕೂದಲೆಳೆಯಲ್ಲಿ ಬಂದು ಕೂರುತ್ತದೆ. ನನಗೆ ಒಂದೊಂದು ಸಲ ಅನ್ನಿಸುತ್ತದೆ, ಆ ಮಿತಿ 120 ಇದ್ದಿದ್ದರೆ ಎಷ್ಟೋ ಸಂಸಾರಗಳು ಬೇಗ ಒಂದು ನಿರ್ಧಾರಕ್ಕೆ ಬರುತ್ತಿದ್ದವು. ಪಾಸು ಸಿಗುತ್ತದೆ, ಅಗ್ಗ ಬೇರೆ, ಅಂದಮೇಲೆ ಓಡಾಡಬಹುದು ಎಂದೇ ಅರ್ಥ ತಾನೇ? 2022ರಲ್ಲಿ ನಮ್ಮನೆಯವರು ಪಾಸು ಮಾಡಿಸಿದರು. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್, ಮೆಜೆಸ್ಟಿಕ್‌ನಲ್ಲಿ ಇಳಿದು ವೈಟ್‌ಫೀಲ್ಡ್ ಕಡೆಗೆ ಇನ್ನೊಂದು ಪ್ರಯಾಣ. ನೇರಳೆ ಮೆಟ್ರೋ ಆಗಿನ್ನೂ ಪೂರ್ತಿ ಆಗಿರಲಿಲ್ಲ. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಒಂದೇ ರೈಲು ಅಂತ ಆದದ್ದು 2023ರ ಅಕ್ಟೋಬರಿನಲ್ಲಿ. ಸಂಜೆ ಆರರ ನಂತರದ ಚಾಮುಂಡಿ ಹಿಡಿಯಬೇಕಾದರೆ ಆಫೀಸಿನಿಂದ ನಾಲ್ಕೂವರೆಗೆಲ್ಲ ಏಳಬೇಕು. ನಾಲ್ಕೂವರೆಗೆ ಏಳುವವರನ್ನು ಉಳಿದವರು ನೋಡುವ ರೀತಿ ಇದೆಯಲ್ಲ, ಅದಕ್ಕಿಂತ ಬೈದರೇ ವಾಸಿ ಎನ್ನುತ್ತಿದ್ದರು ಅವರು.

ಶಾಲೆಗೆ ರಜೆ ಇದ್ದ ಒಂದು ದಿನ, ಬೆಂಗಳೂರಿನಲ್ಲಿ ನನಗೂ ಕೆಲಸವಿತ್ತೆಂದು, ಅವರ ಜೊತೆ ಅದೇ ರೈಲಿನಲ್ಲಿ ಹೋದೆ. ಅವರಿದ್ದ ಬೋಗಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಯಾರಿಗೆ ಯಾವ ಸೀಟು ಎಂಬುದು ಬರೆಯದ ಕಾನೂನು. ಒಂದು ಕಡೆ ಸೂಟ್‌ಕೇಸಿನ ಮೇಲೆ ಇಸ್ಪೀಟು, ಇನ್ನೊಂದು ಕಡೆ ನಾಲ್ಕು ಜನ ಹೆಂಗಸರು ಮಡಿಲಲ್ಲಿ ಪೇಪರು ಹರಡಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡೆ. ಪಕ್ಕದಲ್ಲಿದ್ದವರು ವಿಧಾನಸೌಧದ ಕಡೆ ಯಾವುದೋ ಇಲಾಖೆಯಲ್ಲಿ ಇರುವವರು, ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಮಗ ಎದೆಹಾಲು ಬಿಟ್ಟಾಗಿಂದ ಪಾಸು, ಈಗ ಅವನು ಇಂಜಿನಿಯರಿಂಗ್ ಮುಗಿಸಿದ್ದಾನೆ ಎಂದರು. "ಲೆಕ್ಕ ಹಾಕಿದ್ರೆ ಮನೆಯೋರ್ಗಿಂತ ಈ ಬೋಗಿಯೋರ್ ಜೊತೆನೇ ಜಾಸ್ತಿ ಬಾಳಿದ್ದೀನಿ" ಎಂದು ನಕ್ಕರು. ಚನ್ನಪಟ್ಟಣ ದಾಟಿದ ಮೇಲೆ ಇದ್ದಕ್ಕಿದ್ದಂತೆ ಕೇಳಿದರು, "ನಿಮ್ ಯಜಮಾನ್ರು ಟ್ರೈನಲ್ಲಿ ನಿದ್ದೆ ಮಾಡ್ತಾರಾ?" ನಾನು ಎದುರಿಗೆ ನೋಡಿದೆ. ತೊಡೆಯ ಮೇಲೆ ಲ್ಯಾಪ್‌ಟಾಪ್, ಕಿವಿಯಲ್ಲಿ ಇಯರ್‌ಫೋನ್, ಹುಬ್ಬು ಗಂಟು. ಇಲ್ಲ ಎಂದೆ. "ಹಂಗಾದ್ರೆ ಆಗಲ್ಲ ಬಿಡಮ್ಮ. ನಿದ್ದೆ ಬರೋರ್ ಮಾತ್ರ ಪಾಸ್ ಮಾಡಿಸ್ಬೇಕು."

ಮನೆ ಎಲ್ಲಿ ಮಾಡಬೇಕು ಎಂದು ನಮಗೆ ಸಲಹೆ ಕೊಟ್ಟವರ ದೊಡ್ಡ ಪಟ್ಟಿಯೇ ಇದೆ. ಉಪಯೋಗಕ್ಕೆ ಬಂದ ಸಲಹೆ ಅದೊಂದೇ. ಪ್ರಯಾಣದ ಹೊತ್ತನ್ನು ಕೆಲವರು ವಿಶ್ರಾಂತಿ ಮಾಡಿಕೊಳ್ಳಬಲ್ಲರು, ಕೆಲವರಿಗೆ ಅದು ಆಫೀಸಿನದೇ ಮುಂದುವರಿಕೆ. ಅದು ಮೈಯ ಗುಣ, ಶ್ರದ್ಧೆಯ ಕೊರತೆ ಅಲ್ಲ. ನಮ್ಮನೆಯವರು ರಾತ್ರಿ ಮನೆ ಸೇರುವಷ್ಟರಲ್ಲಿ ಒಂಬತ್ತೂವರೆ. ಮಗಳು ಮಲಗಿರುತ್ತಿದ್ದಳು. ಬೆಳಗ್ಗೆ ಅವರು ಹೊರಡುವಾಗಲೂ ಮಲಗಿರುತ್ತಿದ್ದಳು. ಒಂದೇ ಸೂರಿನ ಕೆಳಗೆ ಇದ್ದೇವೆ ಎಂದು ನೆಂಟರಿಗೆ ಹೇಳಿಕೊಳ್ಳಲು ಚೆನ್ನಾಗಿತ್ತು. ಸೂರಿನ ಕೆಳಗೆ ಇಬ್ಬರೂ ಎಚ್ಚರವಾಗಿ ಇರುತ್ತಿದ್ದದ್ದು ಎಷ್ಟು ಹೊತ್ತು ಎಂದು ಯಾರೂ ಕೇಳಲಿಲ್ಲ.

ನಡುವಿನ ಊರು

ಆಗ ಹೊಳೆದದ್ದು ಮಂಡ್ಯ. ಅವರಿಗೂ ಅರ್ಧ, ನನಗೂ ಅರ್ಧ ಎಂಬ ನ್ಯಾಯ. ನಾನು ಗಣಿತದವಳು, ನಡುಬಿಂದು ಎಂದರೆ ನನಗೆ ಸ್ವಲ್ಪ ಮೋಹ. ಪಾಂಡವಪುರಕ್ಕೆ ಬಸ್ಸಿದೆ, ಬೆಂಗಳೂರಿಗೆ ರೈಲಿದೆ, ಬಾಡಿಗೆ ಕಮ್ಮಿ. ಒಂದು ಶನಿವಾರ ಮಧ್ಯಾಹ್ನ, ಬೆಳಗಿನ ತರಗತಿ ಮುಗಿಸಿ, ನಾವಿಬ್ಬರೂ ಮನೆ ನೋಡಲು ಹೋದೆವು. ವಿದ್ಯಾನಗರದ ಹತ್ತಿರ ಮೊದಲ ಮಹಡಿ, ಗಾಳಿ ಬೆಳಕು ಚೆನ್ನಾಗಿತ್ತು, ಅಡುಗೆಮನೆ ನನಗೆ ಹಿಡಿಸಿಬಿಟ್ಟಿತು. ಓನರ್ ಕೆಳಗೇ ಇದ್ದರು, ವಯಸ್ಸಾದ ಹೆಂಗಸು, ಮಾತು ಖಡಕ್. ಯಾರು, ಎತ್ತ, ಎಲ್ಲಿ ಕೆಲಸ ಎಂದೆಲ್ಲ ಕೇಳಿದರು. ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಕಣವ್ವ, ಅವ್ರು ಬೆಂಗ್ಳೂರ್ಗೋಯ್ತಾರೆ, ನೀನು ಪಾಂಡುಪುರುಕ್ಕೋಯ್ತೀಯ. ಹಂಗಾರೆ ಮನೇಲಿರೋರ್ ಯಾರು?" ಎಂದರು. ಅವರ ಕಾಳಜಿ ನೀರಿನದು. ಬೆಳಗ್ಗೆ ನೀರು ಬಿಟ್ಟಾಗ ಸಂಪಿನ ಗೇಟ್‌ವಾಲ್ ತಿರುಗಿಸಲು ಯಾರಾದರೂ ಬೇಕಲ್ಲ. ನಾವು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಗಳು ಮೂರೂವರೆಗೆ ಶಾಲೆ ಬಿಟ್ಟು ಬಂದಾಗ ಬಾಗಿಲು ತೆಗೆಯುವವರು ಯಾರು? ಮೈಸೂರಿನಲ್ಲಾದರೆ ಅತ್ತೆ ಎರಡು ಬೀದಿ ಆಚೆ ಇದ್ದಾರೆ. ಮಂಡ್ಯದಲ್ಲಿ ನಮ್ಮವರು ಅಂತ ಒಬ್ಬರಿಲ್ಲ.

ಇನ್ನೊಂದು ವಿಷಯ ಪಾಸಿನವರಿಗೆ ಮಾತ್ರ ಗೊತ್ತಿರುವಂಥದ್ದು. ಬೆಳಗಿನ ರೈಲು ಮೈಸೂರಿನಲ್ಲಿ ಹೊರಡುತ್ತದೆ, ಸ್ವಲ್ಪ ಮೊದಲೇ ಹೋದರೆ ಸೀಟು ಸಿಗುತ್ತದೆ. ಮಂಡ್ಯಕ್ಕೆ ಬರುವಷ್ಟರಲ್ಲಿ ತುಂಬಿರುತ್ತದೆ, ಮದ್ದೂರಿನಲ್ಲಿ ಕಾಲಿಡಲು ಜಾಗವಿಲ್ಲ. ಅಂದರೆ ಮೈಸೂರಿನಿಂದ ಕೂತು ಹೋಗುವುದಕ್ಕಿಂತ ಮಂಡ್ಯದಿಂದ ನಿಂತು ಹೋಗುವುದು ದೂರ. ನಕ್ಷೆಯಲ್ಲಿ ಕಾಣುವ ನಡು ಬೇರೆ, ಸೊಂಟಕ್ಕೆ ಗೊತ್ತಾಗುವ ನಡು ಬೇರೆ. ಕಷ್ಟವನ್ನು ಸರಿಯಾಗಿ ಎರಡು ಭಾಗ ಮಾಡಿದರೆ ಅದು ಅರ್ಧವಾಗುತ್ತದೆ ಎಂದು ನಾವು ಎಣಿಸಿದ್ದೆವು. ಇಬ್ಬರಿಗೂ ಒಂದೊಂದು ಪೂರ್ತಿ ಕಷ್ಟವೇ ಸಿಗುವ ಹಾಗಿತ್ತು. ಮುಂಗಡ ಕೊಡದೆ ವಾಪಸು ಬಂದೆವು. ದಾರಿಯಲ್ಲಿ ಮದ್ದೂರು ವಡೆ ತಿನ್ನೋಣ ಎಂದರು ಇವರು, ಅದಕ್ಕಾಗಿ ಬೆಂಗಳೂರು ಕಡೆಗೆ ತಿರುಗಬೇಕು ಎಂದು ನೆನಪಿಸಿದೆ.

ಯಾರು ಬಿಡಬೇಕು ಎಂಬ ಮಾತು

ನೆಂಟರ ಲೆಕ್ಕ ತುಂಬ ಸರಳ. ಅವರ ಸಂಬಳ ನನ್ನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಆದ್ದರಿಂದ ನಾನು ರಾಜೀನಾಮೆ ಕೊಟ್ಟು ಬೆಂಗಳೂರಿನಲ್ಲಿ ಯಾವುದಾದರೂ ಖಾಸಗಿ ಶಾಲೆ ಸೇರಬೇಕು. ಇದಕ್ಕೆ ಎದುರಾಗಿ ತವರಿನವರ ಲೆಕ್ಕ: ಸರ್ಕಾರಿ ಕೆಲಸ, ಪಿಂಚಣಿ ಬರುತ್ತೆ, ಬಿಡಬೇಡ. (2006ರ ಏಪ್ರಿಲ್ ನಂತರ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ, ನಮ್ಮದು ಎನ್‌ಪಿಎಸ್ ಎಂಬ ಹೊಸ ಪದ್ಧತಿ ಎಂದು ಅಪ್ಪನಿಗೆ ಹೇಳಿ ಹೇಳಿ ಸಾಕಾಗಿದೆ.) ಎರಡು ಲೆಕ್ಕವೂ ದುಡ್ಡಿನದೇ. ನಾನು ಕೇಳುವುದು ಬೇರೆ: ಈ ಎರಡು ಕೆಲಸಗಳಲ್ಲಿ ಯಾವುದನ್ನು ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ? ಸಾಫ್ಟ್‌ವೇರ್‌ನಲ್ಲಿ ಅವರು ಈಗಾಗಲೇ ಮೂರ್ನಾಲ್ಕು ಕಂಪನಿ ಬದಲಿಸಿದ್ದಾರೆ. ನನ್ನ ಹುದ್ದೆಗೆ ನಾನು ಒಂದು ಸಲ ಪರೀಕ್ಷೆ ಬರೆದು ಬಂದಿದ್ದೇನೆ, ಬಿಟ್ಟರೆ ವಯೋಮಿತಿ ನನ್ನನ್ನು ಮತ್ತೆ ಒಳಗೆ ಬಿಡುವುದಿಲ್ಲ. ಹೆಚ್ಚು ಸಂಬಳದ ಕೆಲಸವೇ ಹೆಚ್ಚು ಸುಲಭವಾಗಿ ಜಾಗ ಬದಲಿಸಬಲ್ಲ ಕೆಲಸವೂ ಆಗಿರುತ್ತದೆ ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ.

ವರ್ಗಾವಣೆಗೆ ಪ್ರಯತ್ನಪಡಲಿಲ್ಲವೇ ಎಂದು ಮೇಷ್ಟ್ರುಗಳು ಕೇಳುತ್ತಾರೆ. ಪಟ್ಟೆ. ಪ್ರೌಢಶಾಲೆಯವರದು ವಿಭಾಗ ಮಟ್ಟದ ವೃಂದ (ಕೇಡರ್), ಮಂಡ್ಯ ಮೈಸೂರು ವಿಭಾಗಕ್ಕೆ ಸೇರಿದ್ದು, ಬೆಂಗಳೂರು ಬೇರೆ ವಿಭಾಗ. ಗಡಿ ದಾಟಿದರೆ ಜ್ಯೇಷ್ಠತೆ ಹೋಗುತ್ತದೆ, ದಾಟುವ ಅವಕಾಶವೂ ಬೆರಳೆಣಿಕೆಯದು. ಕೌನ್ಸೆಲಿಂಗ್‌ನಲ್ಲಿ 'ಪತಿ-ಪತ್ನಿ ಪ್ರಕರಣ' ಎಂಬ ಆದ್ಯತೆ ಇದೆಯಲ್ಲ ಎನ್ನುತ್ತೀರಿ. ಆ ಪತಿ ಖಾಸಗಿ ಕಂಪನಿಯವರಾದರೆ ಆ ಬಾಗಿಲು ತೆರೆಯುವುದಿಲ್ಲ. ಸರ್ಕಾರದ ಕಣ್ಣಿಗೆ ನಾನು ಕೋರಿಕೆ ಸಲ್ಲಿಸಿದ ಶಿಕ್ಷಕಿ, ಗಂಡನಿಂದ ದೂರ ಇರುವವಳಲ್ಲ. ಉಳಿದದ್ದು ಪರಸ್ಪರ ವರ್ಗಾವಣೆ. ಬೆಂಗಳೂರಿಂದ ಮಂಡ್ಯ ಕಡೆ ಬರಬೇಕೆನ್ನುವವರು ಇದ್ದೇ ಇರುತ್ತಾರೆ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹುಡುಕಿ ಹುಡುಕಿ ಒಬ್ಬರು ಸಿಕ್ಕರು. ಊರು ಹೊಂದಿತು, ಮಾಧ್ಯಮ ಹೊಂದಿತು. ವಿಷಯ ಹೊಂದಲಿಲ್ಲ: ಅವರದು ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ), ನನ್ನದು ಪಿಸಿಎಂ (ಭೌತ, ರಸಾಯನ, ಗಣಿತ). ಜಾತಕ ಕೂಡಿಬರಲಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು.

ಆ ದಿನಗಳಲ್ಲೇ 1978ರ ದೆಹಲಿ ಹೈಕೋರ್ಟಿನ ಒಂದು ತೀರ್ಪಿನ ಬಗ್ಗೆ ಓದಿದೆ. ಹೆಂಡತಿ ಪಂಜಾಬಿನ ಸುನಾಮ್ ಎಂಬ ಊರಿನಲ್ಲಿ ಶಾಲೆ ಮೇಡಂ, ಗಂಡನಿಗೆ ದೆಹಲಿಯಲ್ಲಿ ಕೆಲಸ, ಮದುವೆಯಾದದ್ದು 1964ರಲ್ಲಿ. ಆಕೆ ಕೆಲಸ ಬಿಟ್ಟು ಬರಲಿಲ್ಲವೆಂದು ಗಂಡ, ಬಂದು ಜೊತೆಗೆ ಬಾಳುವಂತೆ ಆಕೆಗೆ ಹೇಳಿ ಎಂದು, ಹಿಂದೂ ವಿವಾಹ ಕಾಯ್ದೆಯ 9ನೇ ಸೆಕ್ಷನ್ ಹಿಡಿದು ಕೋರ್ಟಿಗೆ ಹೋದ. ಅದಕ್ಕೂ ಮೊದಲು ಬೇರೆ ಹೈಕೋರ್ಟಿನ ತೀರ್ಪೊಂದು ಗಂಡನ ಪರವಾಗಿಯೇ ಇತ್ತು: ಸಂಸಾರ ಎಲ್ಲಿ ಎಂದು ಹೇಳುವ ಹಕ್ಕು ಅವನದು ಎಂದು. ದೆಹಲಿಯ ನ್ಯಾಯಾಧೀಶರು ಅದನ್ನು ಒಪ್ಪಲಿಲ್ಲ. ಮನೆಯ ಊರನ್ನು ಗಂಡನೊಬ್ಬನೇ ತೀರ್ಮಾನಿಸಬೇಕೆಂದು ಹಿಂದೂ ಕಾನೂನಿನಲ್ಲಿ ಎಲ್ಲೂ ಇಲ್ಲ, ಸಂವಿಧಾನದ 14ನೇ ವಿಧಿಯ ಸಮಾನತೆಗೂ ಅದು ಒಗ್ಗುವುದಿಲ್ಲ ಎಂದರು. ನನ್ನ ಮನಸ್ಸಿನಲ್ಲಿ ಉಳಿದದ್ದು ಗೆಲುವು ಸೋಲಲ್ಲ, ತೀರ್ಪಿನಲ್ಲಿ ಬರುವ ಒಂದು ಸಣ್ಣ ಸಂಗತಿ: ಮನೆ ಎಲ್ಲಿ ಮಾಡುವುದು ಎಂದು ಆ ಇಬ್ಬರೂ ಮದುವೆಗೆ ಮೊದಲು ಮಾತೇ ಆಡಿಕೊಂಡಿರಲಿಲ್ಲ. ನಮ್ಮ ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು ಕೇಸರಿಬಾತಿನ ನಡುವೆ ಸ್ವಂತ ಮನೆ ಇದೆಯೇ, ಸೈಟು ಎಷ್ಟು ಬೈ ಎಷ್ಟು, ಕೆಲಸ ಪರ್ಮನೆಂಟೇ, ಎಲ್ಲ ಬಂತು. ಮದುವೆಯಾದ ಮೇಲೆ ಬುಧವಾರ ರಾತ್ರಿ ಇವರಿಬ್ಬರೂ ಎಲ್ಲಿ ಊಟ ಮಾಡುತ್ತಾರೆ ಎಂದು ಕೇಳಲು ಎರಡು ಮನೆಯ ಹಿರಿಯರಲ್ಲಿ ಒಬ್ಬರಿಗೂ ತೋಚಲಿಲ್ಲ. ನಮಗೂ ತೋಚಲಿಲ್ಲ.

ಶೂನ್ಯ ಟಿಕೆಟ್

ಪಾಸು ಕೈಬಿಟ್ಟ ಮೇಲೆ ಅವರು ಕೆಂಗೇರಿಯಲ್ಲಿ ಗೆಳೆಯನ ಜೊತೆ ಒಂದು ರೂಮು ಮಾಡಿದರು. ಕೆಂಗೇರಿಯಿಂದ ವೈಟ್‌ಫೀಲ್ಡಿನವರೆಗೆ ಉಪನಗರ ರೈಲು ಬರುತ್ತದೆ ಎಂದು ಬ್ರೋಕರು ಆಣೆ ಮಾಡಿದ್ದ. ಆ ಮಾರ್ಗ ಯೋಜನೆಯಲ್ಲಿ ಇದೆ, ನೆಲದ ಮೇಲೆ ಇಲ್ಲ. ಒಂದು ವಾರ ಅವರು ಬರುವುದು, ಒಂದು ವಾರ ನಾವು ಹೋಗುವುದು ಎಂದು ಮಾತಾಯಿತು. ಅಷ್ಟರಲ್ಲಿ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ನನಗೂ ಮಗಳಿಗೂ ಕೆಂಪು ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್. ಅವರು ಬಂದರೆ ದುಡ್ಡು, ನಾವು ಹೋದರೆ ಬಿಟ್ಟಿ. ತಮಾಷೆಗೆ ಶುರುವಾದ ಮಾತು ಒಂದೆರಡು ತಿಂಗಳಲ್ಲಿ ಪದ್ಧತಿಯಾಗಿಹೋಯಿತು. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದು, ಮಗಳ ಬ್ಯಾಗು ಜೋಡಿಸಿ, ನೂಕುನುಗ್ಗಲಿನ ಬಸ್ಸು ಹತ್ತಿ, ರೂಮು ತಲುಪಿ, ಅಲ್ಲಿ ವಾರದ ಪಾತ್ರೆ ಬಟ್ಟೆ. ಭಾನುವಾರ ಸಂಜೆ ವಾಪಸು. ಆ ಯೋಜನೆಯಿಂದ ನಮ್ಮ ಶಾಲೆಯ ಎಷ್ಟು ಹುಡುಗಿಯರ ತಾಯಂದಿರು ಗಾರ್ಮೆಂಟ್ಸಿಗೆ ಹೋಗಿ ಬರುವಂತಾಯಿತು ಎಂದು ಕಣ್ಣಾರೆ ನೋಡಿದ್ದೇನೆ, ಅದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ನನ್ನ ತಕರಾರು ನಮ್ಮ ಮನೆಯ ಲೆಕ್ಕದ ಮೇಲೆ. ಟಿಕೆಟ್ ಶೂನ್ಯವಾದ ಕೂಡಲೇ ನನ್ನ ಶನಿವಾರದ ಬೆಲೆಯೂ ಶೂನ್ಯ ಎಂದು ಇಬ್ಬರೂ, ನನ್ನನ್ನೂ ಸೇರಿಸಿ, ಮಾತಿಲ್ಲದೆ ಒಪ್ಪಿಕೊಂಡುಬಿಟ್ಟಿದ್ದೆವು. ನವೆಂಬರಿನಿಂದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ ಶುರುವಾದಾಗ ನಾನು ಸೋಮವಾರ ಬೋರ್ಡಿನ ಮುಂದೆ ನಿಂತು ಆಕಳಿಸಿದೆ. ಮುಂದಿನ ಬೆಂಚಿನ ಹುಡುಗಿ, "ಮೇಡಂ, ಬೇಕಾದ್ರೆ ನಾವೇ ಲೆಕ್ಕ ಮಾಡ್ಕೋತೀವಿ, ನೀವು ಕೂತ್ಕೊಳಿ" ಎಂದಳು. ಅವತ್ತು ರಾತ್ರಿ ಫೋನಿನಲ್ಲಿ ಹೇಳಿದೆ, "ರೀ, ಇನ್ಮೇಲೆ ನೀವೇ ಬನ್ನಿ."

ಈಗ

ಈಗ ಮನೆ ಮೈಸೂರಿನಲ್ಲಿ. ಅತ್ತೆ ಮಾವನ ಮನೆಯಲ್ಲ, ನಡೆದು ಹೋಗುವಷ್ಟು ಹತ್ತಿರ ಬೇರೆ ಬಾಡಿಗೆ ಮನೆ. (ಇದಕ್ಕೂ ಒಂದು ಪಂಚಾಯಿತಿ ನಡೆಯಿತು, ಅದು ಇನ್ನೊಂದು ಬರಹ.) ಅವರ ಕಂಪನಿಯಲ್ಲಿ ವಾರಕ್ಕೆ ಮೂರು ದಿನ ಆಫೀಸಿಗೆ ಬಂದರೆ ಸಾಕು ಎಂದಾಯಿತು. ಮಂಗಳವಾರ ಬೆಳಗ್ಗೆ ಹೋಗಿ ಗುರುವಾರ ರಾತ್ರಿ ಬರುತ್ತಾರೆ. ಆ ಎರಡು ರಾತ್ರಿಗೆ ಹೂಡಿ ಮೆಟ್ರೋ ಹತ್ತಿರ ಒಂದು ಪಿಜಿಯಲ್ಲಿ ಹಾಸಿಗೆ. ನಲವತ್ತು ದಾಟಿದ 'ಅಂಕಲ್' ಅಲ್ಲಿ ಅವರೊಬ್ಬರೇ. ರೂಮಿನ ಹುಡುಗರು ಮದುವೆ ಮಾಡಿಕೊಳ್ಳಬಹುದೋ ಬೇಡವೋ ಎಂದು ಅವರ ಹತ್ತಿರ ಸಲಹೆ ಕೇಳುತ್ತಾರಂತೆ. ಏನು ಹೇಳುತ್ತಾರೆ ಎಂದು ನಾನು ಕೇಳಿಲ್ಲ.

ಮನೆಯನ್ನು ನನ್ನ ಕಡೆಗೆ ಎಳೆದದ್ದು ನನ್ನ ವಾದವಲ್ಲ, ಗಂಟೆ. ಬೆಳಗಿನ ಪ್ರಾರ್ಥನೆಗೆ ನಾನು ಐದು ನಿಮಿಷ ತಡವಾದರೂ ಆಗದು. ಅವರ ಮೀಟಿಂಗು ಪಡಸಾಲೆಯಿಂದಲೂ ನಡೆಯುತ್ತದೆ. ಮಗಳ ಶಾಲೆ ಅಜ್ಜಿಯ ಮನೆಯ ಹಾದಿಯಲ್ಲೇ ಇದೆ. ಹೊತ್ತು ಯಾರದು ಬಿಗಿಯೋ ಮನೆ ಅವರ ಹತ್ತಿರ ಇರಲಿ, ಹೊತ್ತು ಯಾರದು ಸಡಿಲವೋ ಅವರು ಓಡಾಡಲಿ ಎಂದು ಒಪ್ಪಿಕೊಂಡ ಮೇಲೆ ಭಾನುವಾರದ ಫೈಲು ಸ್ವಲ್ಪ ಕಾಲ ಬೀರು ಸೇರಿತ್ತು. ಶುಕ್ರವಾರ ಅವರು ಮನೆಯಿಂದಲೇ ಕೆಲಸ ಮಾಡುತ್ತಾರೆ, ಸಾರು ಮಾಡುವುದು ಅವರೇ. ಹುಳಿ ಯಾವಾಗಲೂ ಒಂದು ಗುಲಗಂಜಿ ಜಾಸ್ತಿ.

ಈಗ ಮತ್ತೆ ಫೈಲು ಹೊರಗೆ ಬಂದಿದೆ. ಮೂರು ದಿನ ಸಾಲದು, ಐದೂ ದಿನ ಬನ್ನಿ ಎಂದು ಮೇಲಿನವರು ಹೇಳತೊಡಗಿದ್ದಾರೆ. ಮಂಡ್ಯ, ಕೆಂಗೇರಿ, ಪಾಸು ಎಂಬ ಹಳೆಯ ಹೆಸರುಗಳನ್ನು ಮಾವ ಮತ್ತೆ ಎತ್ತಿದರು. ನಾವಿಬ್ಬರೂ ಎತ್ತಲಿಲ್ಲ. ಮನೆ ಕದಲುವುದಿಲ್ಲ, ಅವರ ಕೆಲಸ ಕದಲಬಹುದೇ ನೋಡೋಣ ಎಂದು ಮೈಸೂರಿನ ಹೆಬ್ಬಾಳದ ಕಡೆಯ ಕಂಪನಿಗಳಿಗೆ ಬಯೋಡೇಟಾ ಕಳಿಸುತ್ತಿದ್ದಾರೆ. ಒಂದು ಕಡೆಯಿಂದ ಮಾತುಕತೆಗೆ ಕರೆದಿದ್ದಾರೆ, ಸಂಬಳ ಕಮ್ಮಿ. ಪಿಜಿ, ರೈಲು, ಹೊರಗಿನ ಊಟ, ಎಲ್ಲ ಕಳೆದು ನೋಡಿದರೂ ಕಮ್ಮಿಯೇ. ಎಷ್ಟು ಕಮ್ಮಿಯಾದರೆ ಒಪ್ಪಬಹುದು ಎಂದು ನಾನೊಂದು ಸಂಖ್ಯೆ ಬರೆದೆ, ಅವರೊಂದು ಬರೆದರು. ನನ್ನದಕ್ಕಿಂತ ಅವರದು ಸಾಕಷ್ಟು ಕೆಳಗಿತ್ತು. ಅಷ್ಟು ಕಮ್ಮಿಗೆ ಒಪ್ಪಬೇಡಿ ಎಂದು ಈ ವಾರ ಪೂರ್ತಿ ನಾನೇ ಜಗಳ ಆಡುತ್ತಿದ್ದೇನೆ.